ಪೊಲೀಸ್ ವೈರ್‌ಲೆಸ್ ಕೇಳುವ ಖಯಾಲಿ: ಕಿವಿಗೆ ಹಬ್ಬ, ಕೊರಳಿಗೆ ಉರುಲು!

ಪೊಲೀಸರು ತಮ್ಮತಮ್ಮಲ್ಲಿ ಏನು ಮಾತಾಡಿಕೊಳ್ಳುತ್ತಾರೆ ಅಂತ ತಿಳಿಯುವ ಚಪಲ ಯಾರಿಗಿಲ್ಲ ಹೇಳಿ? ಬಸ್ ಸ್ಟ್ಯಾಂಡಿನ ಬಾಜೂಕ ಪೊಲೀಸ್ ಜೀಪು ಬಂದು ನಿಂತಿತೆಂದರೆ ಚಹಾದಂಗಡಿಯವನ ಅರ್ಧ ಕಿವಿ ಆ ಕಡೆಗೇ. ಒಳಗಿನ ಸೆಟ್ಟು 'ಜರ್ರ್' ಅಂದು, ಯಾರೋ ಎರಡು ಮಾತಾಡಿ, ಮತ್ತೆ 'ಜರ್ರ್' ಅಂತ ಸುಮ್ಮನಾದರೆ ಸಾಕು. ಹಿಡಿ ಕಡಲೆ ತಿಂದು ಮುಗಿಸುವುದರೊಳಗೆ ಊರಿಗೊಂದು ಸುದ್ದಿ ತಯಾರು! ಗೋಳಗುಮ್ಮಟದ ಗ್ಯಾಲರಿಯಲ್ಲಿ ಗೋಡೆಗೆ ಕಿವಿ ಹಚ್ಚಿ ಆ ಕಡೆಯವರ ಪಿಸುಮಾತು ಕೇಳಿ ಬೆಳೆದ ಜಿಲ್ಲೆ ನಮ್ಮದು. ಕೇಳುವ ಹವ್ಯಾಸ ರಕ್ತದಲ್ಲೇ ಇದೆ.

ಈಗ ಆ ಚಪಲಕ್ಕೆ ಹೊಸ ಕೋಡು ಮೂಡಿದೆ. ಅದರ ಹೆಸರು ಸ್ಕ್ಯಾನರ್. ಅಂಗೈಯಲ್ಲಿ ಹಿಡಿಸುವ ಸೆಟ್ಟು; ಒಂದಾದ ಮೇಲೊಂದು ಚಾನೆಲ್ ತಡಕುತ್ತಾ ಹೋಗಿ, ಮಾತು ಸಿಕ್ಕಲ್ಲಿ ನಿಲ್ಲುತ್ತದೆ. ಮೊನ್ನೆ ಇಂಡಿ ಬಸ್ಸಿನಲ್ಲಿ ಬಾಜೂಕ ಕುಂತ ತರುಣನೊಬ್ಬ ಕೇಳಿಯೇ ಬಿಟ್ಟ: "ಸರ್ರ, ನೀವು ಪೇಪರಿನವ್ರು. ಇಂಥಾದ್ದೊಂದು ಸೆಟ್ ತರಸಬೇಕಂತೀನ್ರಿ. ಆದ್ರ ನಮ್ಮ ಕಡೆ ಬರೇ ಜರ್ ಜರ್ ಅಂತೈತಂತ. ಯಾವ ಎಂಟೆನಾ ಹಚ್ಚಿದ್ರ ಸಾಫ್ ಕೇಳತೈತ್ರಿ?"

ಯಾಕಪ್ಪಾ ನಿನಗ ಈ ಉಸಾಬರಿ ಅಂತ ಕೇಳಿದ್ದಕ್ಕೆ ಆ ಹುಡುಗ ಕೊಟ್ಟ ಉತ್ತರ ಮಾತ್ರ ನಕ್ಕು ಮರೆಯುವಂಥದ್ದಲ್ಲ. "ಲಚ್ಯಾಣದಾಗ ಕೂಸು ಬೋರಿನಾಗ ಬಿದ್ದಾಗ ರಾತ್ರಿಯೆಲ್ಲಾ ಖರೇ ಸುದ್ದಿ ಯಾವುದು ಅಂತ ಗೊತ್ತಾಗ್ಲಿಲ್ರಿ. ಸೆಟ್ ಇದ್ದಿದ್ರ ಗೊತ್ತಾಗ್ತಿತ್ತಲ್ರಿ!"

ಲಚ್ಯಾಣದ ಆ ರಾತ್ರಿ

2024ರ ಏಪ್ರಿಲ್ 3ರ ಸಂಜೆ. ಇಂಡಿ ತಾಲೂಕಿನ ಲಚ್ಯಾಣದ ಹೊಲವೊಂದರಲ್ಲಿ ಬಾಯಿ ತೆರೆದಿದ್ದ ಕೊಳವೆಬಾವಿಗೆ ಎಳೆಗೂಸು ತಲೆಕೆಳಗಾಗಿ ಜಾರಿತು. ಪೊಲೀಸರು, ಅಗ್ನಿಶಾಮಕದವರು, ರಾಜ್ಯದ ವಿಪತ್ತು ಪಡೆ, ಕೇಂದ್ರದ ವಿಪತ್ತು ಪಡೆ ಎಲ್ಲರೂ ಬಂದರು. ಬಾವಿಯ ಪಕ್ಕದಲ್ಲೇ ಇನ್ನೊಂದು ಗುಂಡಿ ತೋಡಿದರು. ಕಲ್ಲು ಅಡ್ಡ ಬಂತು. ರಾತ್ರಿ ಕಳೆಯಿತು, ಮುಂಜಾನೆಯಾಯಿತು. ಸುಮಾರು 20 ತಾಸಿನ ಮೇಲೆ, ಮರುದಿನ ಮಧ್ಯಾಹ್ನ, ಕೂಸು ಜೀವಂತ ಹೊರಗೆ ಬಂತು. ಸಿದ್ಧಲಿಂಗ ಮಹಾರಾಜರ ನೆನೆದು ಕೈ ಮುಗಿದವರೆಷ್ಟೋ ಮಂದಿ.

ಆದರೆ ಆ 20 ತಾಸು? ಇದೇ ಜಿಲ್ಲೆಯ ನಾಗಠಾಣದಲ್ಲಿ 2014ರ ಜೂನ್‌ನಲ್ಲಿ ಕೊಳವೆಬಾವಿಗೆ ಬಿದ್ದ ಕೂಸು ಉಳಿಯಲಿಲ್ಲ. ಅದು ನೆನಪಿದ್ದ ಜನಕ್ಕೆ ನಿದ್ದೆ ಎಲ್ಲಿಂದ ಬರಬೇಕು? ಇಂಥ ಹೊತ್ತಿನಲ್ಲಿ ಒಬ್ಬ 'ಅಳು ಕೇಳಿಸಿತು' ಅಂತಾನೆ, ಇನ್ನೊಬ್ಬ 'ಎಲ್ಲಾ ಮುಗೀತು' ಅಂತಾನೆ. ಎರಡೂ ಮೊಬೈಲಿನಲ್ಲಿ ಓಡಾಡುತ್ತವೆ. ಗಳಿಗೆಗೊಂದು ಅಧಿಕೃತ ಮಾತು ಬಾಯಿಬಿಟ್ಟು ಹೇಳುವವರಿದ್ದರೆ ಜನ ಅದನ್ನೇ ಹಿಡಿಯುತ್ತಾರೆ. ಇಲ್ಲದಿದ್ದರೆ ಕಿವಿ ಬೇರೆ ದಾರಿ ಹುಡುಕುತ್ತದೆ. ಹುಡುಗನ ಸ್ಕ್ಯಾನರಿನ ಮೂಲ ಇಲ್ಲಿದೆ. ಆತ ಕಳ್ಳನಲ್ಲ, ಹಸಿದವ. ಅನ್ನದ ಹಸಿವಲ್ಲ, ಖರೇ ಸುದ್ದಿಯ ಹಸಿವು.

ಸರಿ, ಹುಡುಗ ಕೇಳಿದ ಪ್ರಶ್ನೆಗೆ ಮೊದಲು ಉತ್ತರ ಹೇಳೋಣ. ಅದರಲ್ಲಿ ಗುಟ್ಟೇನೂ ಇಲ್ಲ. ರೇಡಿಯೊ ರಿಪೇರಿ ಮಾಡುವ ಯಾರನ್ನು ಕೇಳಿದರೂ ಹೇಳುತ್ತಾರೆ.

'ಜರ್ರ್' ಅನ್ನುವುದೇಕೆ?

ಪೊಲೀಸ್ ಸೆಟ್ಟಿನಂಥ ಸೆಟ್ಟುಗಳು ಬಳಸುವ ಅಲೆಗಳು ಹಳೆಯ ಮೀಡಿಯಂ ವೇವಿನಂತೆ ನೆಲ ಹಿಡಿದು ನೂರಾರು ಮೈಲಿ ಹೋಗುವುದಿಲ್ಲ. ಇವು ಹೆಚ್ಚೂ ಕಡಿಮೆ ಕಣ್ಣಿನ ದೃಷ್ಟಿಯಂತೆ ನೆಟ್ಟಗೆ ಹೋಗುತ್ತವೆ. ಭೂಮಿಯ ಉಬ್ಬು ಅಡ್ಡ ಬಂದರೆ ಅಲ್ಲಿಗೆ ಮುಗಿಯಿತು. ಲೆಕ್ಕ ಸರಳ: 30 ಮೀಟರ್ ಎತ್ತರದ ಕಂಬದ ಮೇಲಿನ ಎಂಟೆನಾಕ್ಕೆ ಸುಮಾರು 22 ಕಿಲೋಮೀಟರ್ ತನಕ ನೆಲ 'ಕಾಣುತ್ತದೆ'. ನೆಲದ ಮೇಲೆ ಸೆಟ್ಟು ಹಿಡಿದು ನಿಂತ ಮನುಷ್ಯನಿಗೆ 5 ಕಿಲೋಮೀಟರ್. ಎರಡೂ ಕೂಡಿಸಿದರೆ 27. ಅದರಾಚೆ ದೇವರೇ ಗತಿ. ಅದೇ ಮನುಷ್ಯ 9 ಮೀಟರ್ ಎತ್ತರದ ಮಾಳಿಗೆ ಹತ್ತಿದನೆಂದರೆ ಅವನ ಪಾಲಿನ 5 ಕಿಲೋಮೀಟರ್ 12 ಆಗುತ್ತದೆ. ಸಾವಿರ ರೂಪಾಯಿಯ ಎಂಟೆನಾ ಮಾಡದ ಕೆಲಸವನ್ನು ನಿಚ್ಚಣಿಕೆ ಮಾಡುತ್ತದೆ!

ಇನ್ನು ಎಂಟೆನಾದ ಉದ್ದ. 150 ಮೆಗಾಹರ್ಟ್ಸ್ ಆಸುಪಾಸಿನ ಅಲೆಯೊಂದರ ಉದ್ದ 2 ಮೀಟರ್. ಅದರ ಕಾಲು ಭಾಗ, ಅಂದರೆ ಅರ್ಧ ಮೀಟರ್, ನಮ್ಮ ಲೆಕ್ಕದಲ್ಲಿ ಒಂದು ಮೊಳದ ಮೇಲೊಂದಿಷ್ಟು, ಕಡ್ಡಿ ಇದ್ದರೆ ಅದು ಅಲೆಯನ್ನು ಸರಿಯಾಗಿ ಹಿಡಿಯುತ್ತದೆ. ಸೆಟ್ಟಿನ ಜೊತೆ ಬರುವ ರಬ್ಬರ್ ಬಾಲ ಒಂದು ಗೇಣು ಸಹ ಇರುವುದಿಲ್ಲ. ಜೇಬಿಗೆ ಚೆಂದ, ಅಲೆಗೆ ಅರೆಹೊಟ್ಟೆ. ಅದರ ಮೇಲೆ ಪತ್ರಾಸಿನ ಮನೆಯೊಳಗೆ ಕುಂತರೆ ಕತೆ ಮುಗಿಯಿತು. ತಗಡು ಅಲೆಯನ್ನು ಒಳಗೆ ಬಿಡುವುದಿಲ್ಲ. ಬಸ್ಸು ಅಂದರೂ ತಗಡಿನ ಡಬ್ಬಿಯೇ. ಕಿಟಕಿಯ ಬಾಜೂಕ ಕುಂತವನಿಗೆ ಬಂದಷ್ಟು ಬಂತು. ಅಗ್ಗದ ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರು, ಹೊಲದ ಮೋಟರಿನ ಕಿಡಿ ಇವೆಲ್ಲ ಸೇರಿ ಎಬ್ಬಿಸುವ ಗದ್ದಲದಲ್ಲಿ ಸಣ್ಣ ಅಲೆ ಮುಳುಗಿ ಹೋಗುತ್ತದೆ.

ಇಷ್ಟೆಲ್ಲ ಸರಿಪಡಿಸಿಕೊಂಡರೂ ಮತ್ತೊಂದು ಗೋಡೆ ಇದೆ. ಪೊಲೀಸ್ ಪಡೆಗಳು ಎಲ್ಲೆಡೆ ಹಳೆಯ ಸೆಟ್ಟು ಬಿಟ್ಟು ಡಿಜಿಟಲ್ ಸೆಟ್ಟಿನತ್ತ ಹೊರಳುತ್ತಿವೆ. ಅದರಲ್ಲಿ ದನಿ ಅಂಕಿಗಳಾಗಿ ಹೋಗುತ್ತದೆ. ಬೇಕಾದರೆ ಅದಕ್ಕೆ ಬೀಗವನ್ನೂ ಹಾಕಬಹುದು. ಆಗ ನೀವು ಗೋಳಗುಮ್ಮಟದ ಮೇಲೆಯೇ ಎಂಟೆನಾ ನೆಟ್ಟರೂ ಕೇಳುವುದು ಗಿರಣಿಯ ಗರಗರ ಸದ್ದು ಮಾತ್ರ.

ಕಾನೂನಿನ ಕೈ

ಈಗ ಕಹಿ ಮಾತು. ಇಷ್ಟೆಲ್ಲ ಖಟಪಟಿ ಮಾಡಿ ಕೇಳಿದ್ದೇ ಆದರೆ ಅದು ಅಪರಾಧ. ಹಿರಿಯರಿಗೆ ನೆನಪಿರಬೇಕು. ಒಂದು ಕಾಲಕ್ಕೆ ಮನೆಯ ರೇಡಿಯೊಕ್ಕೂ ಲೈಸೆನ್ಸು ಬೇಕಿತ್ತು. ಪೋಸ್ಟ್ ಆಫೀಸಿಗೆ ಹೋಗಿ ವರ್ಷಾವರಿ ಹಣ ಕಟ್ಟಿ ಪುಸ್ತಕಕ್ಕೆ ಸ್ಟಾಂಪು ಹಚ್ಚಿಸಿಕೊಂಡು ಬರಬೇಕಿತ್ತು. 1980ರ ದಶಕದಲ್ಲಿ ಅದು ಹೋಯಿತು. ಲೈಸೆನ್ಸು ಹೋದದ್ದು ಹಾಡು, ವಾರ್ತೆ ಕೇಳುವ ರೇಡಿಯೊಕ್ಕೆ. ವೈರ್‌ಲೆಸ್ ಸೆಟ್ಟಿಗಲ್ಲ. ಪರವಾನಗಿ ಇಲ್ಲದೆ ಅದನ್ನು ಇಟ್ಟುಕೊಳ್ಳುವುದೇ ತಪ್ಪು ಎಂದು 1933ರ ಕಾಯ್ದೆ ಹೇಳಿತ್ತು.

2023ರಲ್ಲಿ ಹೊಸ ದೂರಸಂಪರ್ಕ ಕಾಯ್ದೆ ಬಂತು. ಅದರ ಶಿಕ್ಷೆಯ ಕಲಮು 2024ರ ಜೂನ್ 26ರಿಂದ ಜಾರಿಯಲ್ಲಿದೆ. ಅಧಿಕಾರವಿಲ್ಲದೆ ಬೇರೆಯವರ ಸಂದೇಶವನ್ನು ನಡುದಾರಿಯಲ್ಲಿ ಹಿಡಿದರೆ 3 ವರ್ಷದವರೆಗೆ ಜೈಲು, ಇಲ್ಲವೆ 2 ಕೋಟಿ ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ. ಅನುಮತಿ ಇಲ್ಲದ ಸೆಟ್ಟು ಇಟ್ಟುಕೊಂಡದ್ದಕ್ಕೆ ಮೊದಲ ಸಲ 50 ಸಾವಿರದವರೆಗೆ, ಮತ್ತೆ ಸಿಕ್ಕರೆ 2 ಲಕ್ಷದವರೆಗೆ ಅಂತ ಅದೇ ಕಾಯ್ದೆಯ ಪಟ್ಟಿಯಲ್ಲಿ ಬರೆದಿದ್ದಾರೆ. ಎರಡು ಕೋಟಿ! ಲಚ್ಯಾಣದ ಎಷ್ಟು ಎಕರೆ ಲಿಂಬಿ ತೋಟ ಮಾರಿದರೆ ಆದೀತು, ಲೆಕ್ಕ ನೀವೇ ಹಾಕಿ.

'ಆನ್‌ಲೈನಿನಾಗ ರಾಜಾರೋಷ ಮಾರ್ತಾರಲ್ರಿ' ಅನ್ನುವವರಿಗೊಂದು ಮಾತು. 2025ರ ಮೇ ತಿಂಗಳಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಇದೇ ವಾಕಿಟಾಕಿ ಮಾರಾಟದ ಬಗ್ಗೆ ಆನ್‌ಲೈನ್ ಕಂಪನಿಗಳಿಗೆ ನೋಟಿಸು ಕೊಟ್ಟಿತು. ಯಾವ ಅಲೆಯ ಮೇಲೆ ನಡೆಯುತ್ತದೆ, ಲೈಸೆನ್ಸು ಬೇಕೋ ಬೇಡವೋ ಅಂತ ಹೇಳದೆ ಮಾರುತ್ತಿದ್ದಾರೆಂಬುದು ಆಕ್ಷೇಪ. ಆಮೇಲೆ ಮಾರ್ಗಸೂಚಿಯೂ ಬಂತು. ಪೇಟೆಯಲ್ಲಿ ಸಿಗುತ್ತದೆ ಅಂದಮಾತ್ರಕ್ಕೆ ಇಟ್ಟುಕೊಳ್ಳಬಹುದು ಅಂತಲ್ಲ. ಇದು ಅಂಗಡಿಕಾರರಿಗೂ ಲಾಗೂ. ಮಗ ತರಿಸಿದ ಸೆಟ್ಟು ಗಲ್ಲಾದ ಕೆಳಗೆ ಇದ್ದರೆ ಉತ್ತರ ಕೊಡಬೇಕಾದವರು ಸಾಹುಕಾರರೇ.

ಚಡಚಣದ ಬಂಗಾರ

ಕಾನೂನು ಇರಲಿ. ಕಾನೂನಿಗೆ ಹೆದರಿಯೇ ಬಿಡಬೇಕೆಂದು ನಾನು ಹೇಳುವುದಿಲ್ಲ. ಹೆದರಿಕೆಯಿಂದ ಬಿಟ್ಟ ಚಟ ನಾಳೆ ತಿರುಗಿ ಬರುತ್ತದೆ. ಸ್ವಂತ ಗಂಟಿನ ಲೆಕ್ಕದಲ್ಲೇ ನೋಡೋಣ.

2025ರ ಸೆಪ್ಟೆಂಬರ್ 16ರ ಸಂಜೆ. ಮೊದಲು ಇಂಡಿ ತಾಲೂಕಿನಲ್ಲೇ ಇದ್ದ ಚಡಚಣದ ಸ್ಟೇಟ್ ಬ್ಯಾಂಕಿಗೆ ಮುಸುಕುಧಾರಿಗಳು ನುಗ್ಗಿದರು. ಮಿಲಿಟರಿಯವರಂಥ ಬಟ್ಟೆ, ಕೈಯಲ್ಲಿ ಪಿಸ್ತೂಲು. ಸಿಬ್ಬಂದಿಯ ಕೈಕಾಲು ಕಟ್ಟಿ ಕೋಟಿ ರೂಪಾಯಿ ನಗದು, ಸುಮಾರು 20 ಕೆ.ಜಿ. ಬಂಗಾರ ಹೊತ್ತು ವ್ಯಾನಿನಲ್ಲಿ ಮಹಾರಾಷ್ಟ್ರದ ಕಡೆ ಹಾರಿದರು. ಆ ಬಂಗಾರ ಬ್ಯಾಂಕಿನದಲ್ಲ, ಸ್ವಾಮಿ! ಬಿತ್ತನೆಗೆಂದು, ಮಗಳ ಮದುವೆಗೆಂದು ಅಡವಿಟ್ಟ ನಮ್ಮ ನಿಮ್ಮ ಮನೆಯ ತಾಳಿ, ಬಿಲ್ವಾರ, ಬೋರಮಾಳ. ಸೊಲ್ಲಾಪುರ ಜಿಲ್ಲೆ ಮಂಗಳವೇಢಾ ತಾಲೂಕಿನ ಹುಲಜಂತಿಯಲ್ಲಿ ಆ ವ್ಯಾನು ಸಿಕ್ಕಿತು. ಲೂಟಿಯ ಒಂದು ಪಾಲು ಆಮೇಲೆ ಅದೇ ಊರಿನಲ್ಲಿ ದೊರೆಯಿತು.

ಆ ಕಳ್ಳರು ಪೊಲೀಸ್ ವೈರ್‌ಲೆಸ್ ಕೇಳುತ್ತಿದ್ದರೆಂದು ಯಾರೂ ಹೇಳಿಲ್ಲ, ನಾನೂ ಹೇಳುತ್ತಿಲ್ಲ. ಆದರೆ ಒಂದು ಕ್ಷಣ ಯೋಚಿಸಿ. ಎಲ್ಲಿ ನಾಕಾಬಂದಿ ಹಾಕಿದ್ದಾರೆ, ಯಾವ ಜೀಪು ಯಾವ ದಾರಿ ಹಿಡಿದಿದೆ ಎಂಬುದು ಅಂಗಡಿಯಲ್ಲಿ ಕುಂತ ನಿಮಗೆ ಸಾಫ್ ಕೇಳಿದರೆ, ವ್ಯಾನಿನಲ್ಲಿ ಓಡುವವನಿಗೂ ಅಷ್ಟೇ ಸಾಫ್ ಕೇಳುತ್ತದೆ. ಎಂಟೆನಾಕ್ಕೆ ಸಂಭಾವಿತ ಯಾರು, ಕಳ್ಳ ಯಾರು ಎಂಬ ಗುರುತು ಹತ್ತುವುದಿಲ್ಲ. ಮೂರು ಹಳ್ಳಿಯ ಹವ್ಯಾಸಿಗಳ ಕಿವಿ ತಣಿಯಲೆಂದು ನಾಕಾಬಂದಿಯ ಗುಟ್ಟು ಬಯಲಾದರೆ ಹೋಗುವುದು ಯಾರ ಬೋರಮಾಳ?

ಇಷ್ಟೇ ಅಲ್ಲ. ವೈರ್‌ಲೆಸ್ಸಿನಲ್ಲಿ ಹೋಗುವುದೆಲ್ಲ ಸಾಬೀತಾದ ಸಂಗತಿಯಲ್ಲ. 'ಇಂಥ ಬಣ್ಣದ ಗಾಡಿ, ಇಂಥ ಮನುಷ್ಯ, ಸಂಶಯ' ಅಂತ ಹೋಗುತ್ತದೆ. ಹತ್ತು ನಿಮಿಷಕ್ಕೆ 'ಅಲ್ಲ, ಬಿಡಿ' ಅಂತ ಇನ್ನೊಂದು ಬರುತ್ತದೆ. ಮೊದಲನೆಯದು ಕೇಳಿದವ ಎರಡನೆಯದು ಕೇಳುವ ಮೊದಲೇ ಅದನ್ನು ನಾಲ್ಕು ಗ್ರೂಪಿಗೆ ಹಾಕಿರುತ್ತಾನೆ. ಅರ್ಧ ಸುದ್ದಿ ಏನು ಮಾಡಬಲ್ಲದು ಎಂಬುದಕ್ಕೆ ದೂರ ಹೋಗಬೇಕಿಲ್ಲ. 2018ರ ಜುಲೈ 13ರಂದು ಬೀದರ ಜಿಲ್ಲೆ ಔರಾದ ತಾಲೂಕಿನ ಮುರ್ಕಿಯಲ್ಲಿ, ಮಕ್ಕಳ ಕಳ್ಳರು ಬಂದಿದ್ದಾರೆಂಬ ವಾಟ್ಸಾಪ್ ಸಂದೇಶ ನಂಬಿ, ಕಾರಿನಲ್ಲಿ ಬಂದ ಗೆಳೆಯರನ್ನು ಗುಂಪು ಅಡ್ಡಗಟ್ಟಿ ಬಡಿಯಿತು. ಹೈದರಾಬಾದಿನ ತರುಣನೊಬ್ಬ ಸತ್ತ. ಬಿಡಿಸಲು ಹೋದ ಪೊಲೀಸರಿಗೂ ಪೆಟ್ಟಾಯಿತು. ಅಲ್ಲಿ ಸುದ್ದಿ ಪೂರಾ ಸುಳ್ಳಾಗಿತ್ತು. 'ಪೊಲೀಸ್ ಸೆಟ್ಟಿನಾಗ ನಾನೇ ಕೇಳೇನಿ' ಎಂಬ ಮೊಹರು ಬಿದ್ದ ಅರ್ಧ ಸುದ್ದಿಗೆ ಇನ್ನೆಷ್ಟು ಬಲ ಬಂದೀತು! ಗಂಡ ಹೊಡೆದನೆಂದು 112ಕ್ಕೆ ಫೋನ್ ಹಚ್ಚಿದ ಹೆಣ್ಣುಮಗಳ ವಿಳಾಸವೂ ಗಾಡಿಗೆ ಅದೇ ಹಾದಿಯಲ್ಲಿ ಹೋಗಬಹುದು. ಅದು ಓಣಿಯ ಕಿವಿಗೆ ಬೇಕಾದ ಮಾತೇ?

ಯಾರ ಎಂಟೆನಾ ಎತ್ತರವಾಗಬೇಕು?

ಹುಡುಗನ ಪ್ರಶ್ನೆಯಲ್ಲಿ ಒಂದು ಒಳ್ಳೆಯ ಪ್ರಶ್ನೆ ಅಡಗಿದೆ. ಪೊಲೀಸ್ ವೈರ್‌ಲೆಸ್ ಸಾಫ್ ಕೇಳಬೇಕು, ಖರೆ. ಆದರೆ ಯಾರಿಗೆ? ಪೊಲೀಸರಿಗೆ!

ಕೈಸೆಟ್ಟಿನ ಶಕ್ತಿ ಸಾಮಾನ್ಯವಾಗಿ 5 ವಾಟ್ ಆಸುಪಾಸು, ಜೀಪಿನ ಸೆಟ್ಟಿನದು 25ರ ಆಸುಪಾಸು. ಎತ್ತರದ ಕಂಬದ ಮೇಲೆ ರಿಪೀಟರ್ ಎಂಬ ಯಂತ್ರ ಇರುತ್ತದೆ. ಸಣ್ಣ ದನಿಯನ್ನು ಹಿಡಿದು ದೊಡ್ಡದಾಗಿ ಮತ್ತೆ ಬಿಡುವುದು ಅದರ ಕೆಲಸ. ಇದರಲ್ಲೊಂದು ವಿಚಿತ್ರವಿದೆ. ರಿಪೀಟರಿನ ದೊಡ್ಡ ದನಿ ಪೇದೆಯ ಕೈಸೆಟ್ಟಿಗೆ ಮುಟ್ಟುತ್ತದೆ, ಪೇದೆಯ ಸಣ್ಣ ದನಿ ರಿಪೀಟರಿಗೆ ಮುಟ್ಟದೇ ಹೋಗಬಹುದು. ಕಂಟ್ರೋಲ್ ರೂಮು 'ಎಲ್ಲಿದ್ದೀರಿ' ಅಂತ ಕೇಳುವುದು ಇವನಿಗೆ ಕೇಳುತ್ತದೆ. 'ಇಲ್ಲಿದ್ದೀನಿ, ಬರ್ರಿ' ಅನ್ನುವ ಇವನ ಕೂಗು ಯಾರಿಗೂ ಕೇಳುವುದಿಲ್ಲ. ನಮ್ಮದು ಗುಡ್ಡವಿಲ್ಲದ ಸೀಮೆ, ಅಲೆಗೆ ಒಳ್ಳೆಯದೇ. ಆದರೆ ಭೀಮಾ ನದಿಯ ಪಾತ್ರಕ್ಕೆ, ಹಳ್ಳಕ್ಕೆ ಇಳಿದರೆ ದಂಡೆಯೇ ಗೋಡೆಯಾಗಿ ನಿಲ್ಲುತ್ತದೆ. ಪೊಲೀಸ್ ಪೇದೆ ರಾತ್ರಿ ಒಬ್ಬನೇ ಇಳಿಯಬೇಕಾದ ಜಾಗವೂ ಅದೇ, ಉಸುಕಿನ ಟ್ರ್ಯಾಕ್ಟರುಗಳು ಇರುವ ಜಾಗವೂ ಅದೇ.

ಸಿಂದಗಿಗೆ ನೆರೆಯಾದ ಜೇವರ್ಗಿ ತಾಲೂಕಿನ ನೆಲೋಗಿ ಠಾಣೆಯ ಹೆಡ್ ಕಾನ್‌ಸ್ಟೆಬಲ್ ಒಬ್ಬರು 2023ರ ಜೂನ್‌ನಲ್ಲಿ ಅಕ್ರಮ ಉಸುಕಿನ ಟ್ರ್ಯಾಕ್ಟರು ತಡೆಯಲು ಹೋಗಿ ಅದರಡಿಯಲ್ಲೇ ಪ್ರಾಣ ಬಿಟ್ಟರು. ಅಲ್ಲಿ ಸೆಟ್ಟು ಕೈಕೊಟ್ಟಿತೆಂದು ನಾನು ಹೇಳುತ್ತಿಲ್ಲ. ಅಂಥ ಜಾಗದಲ್ಲಿ ಅಂಥ ಹೊತ್ತಿನಲ್ಲಿ ನಿಂತ ಮನುಷ್ಯನಿಗೆ ಸೆಟ್ಟು ಅಂದರೆ ಏನೆಂದು ಹೇಳುತ್ತಿದ್ದೇನೆ. ಮೊಬೈಲ್ ಐತಲ್ಲ ಅಂತೀರಾ? ಮೊಬೈಲಿನಲ್ಲಿ ಒಬ್ಬನಿಗೆ ಹೇಳಬಹುದು, ನಂಬರು ಹುಡುಕಿ, ಅವ ಎತ್ತಿದರೆ. ಸೆಟ್ಟಿನ ಗುಂಡಿ ಒತ್ತಿ ಒಂದು ಸಲ ಕೂಗಿದರೆ ಇಡೀ ತಾಲೂಕಿನ ಗಾಡಿಗಳು ಕೇಳುತ್ತವೆ. ಲಚ್ಯಾಣದಂಥ ಕಡೆ ಜಾತ್ರೆಯಷ್ಟು ಜನ ಸೇರಿ ಎಲ್ಲರೂ ವಿಡಿಯೋ ಬಿಡತೊಡಗಿದರೆ ಮೊಬೈಲ್ ಟವರಿಗೆ ಉಸಿರು ಕಟ್ಟುತ್ತದೆ. ಆಗಲೂ ವೈರ್‌ಲೆಸ್ ತನ್ನ ಪಾಡಿಗೆ ನಡೆಯುತ್ತದೆ.

ಇನ್ನು ಗಡಿ. ಕಳ್ಳನಿಗೆ ಚಡಚಣದಿಂದ ಹುಲಜಂತಿಗೆ ದಾಟಲು ಪರವಾನಗಿ ಬೇಕಿಲ್ಲ. ಅಲೆಗೂ ಬೇಕಿಲ್ಲ. ಬೇಕಾದದ್ದು ಪೊಲೀಸರಿಗೆ ಮಾತ್ರ! ಒಂದೊಂದು ರಾಜ್ಯದ ಪೊಲೀಸರಿಗೆ ಒಂದೊಂದು ಅಲೆ. ಈ ಕಡೆಯ ಜೀಪಿನ ಸೆಟ್ಟು ಆ ಕಡೆಯ ಜೀಪಿನ ಜೊತೆ ಸಾಮಾನ್ಯವಾಗಿ ನೇರ ಮಾತಾಡುವುದಿಲ್ಲ. ಮಾತು ಕಂಟ್ರೋಲ್ ರೂಮು ಹತ್ತಿ ಇಳಿದು ಹೋಗಬೇಕು. ರಾಜ್ಯ ರಾಜ್ಯಗಳ ಪೊಲೀಸ್ ವೈರ್‌ಲೆಸ್ ಹೊಂದಿಸಲೆಂದೇ 1946ರಿಂದ ದಿಲ್ಲಿಯಲ್ಲೊಂದು ನಿರ್ದೇಶನಾಲಯವಿದೆ. ಇಂಡಿ, ಚಡಚಣ, ಮಂಗಳವೇಢಾ, ಅಕ್ಕಲಕೋಟೆ ಠಾಣೆಗಳಿಗೆ ಸಂಕಟದ ಹೊತ್ತಿಗೆಂದು ಒಂದು ಕೂಡು ಚಾನೆಲ್ ಕೊಡುವುದು ಆಕಾಶ ಹರಿದು ಹಂಚುವ ಕೆಲಸವೇನಲ್ಲ. ನಮ್ಮ ಶಾಸಕರು, ಸಂಸದರು ರೈಲು ನಿಲ್ಲಿಸಿರೆಂದು ಬರೆಯುವ ಪತ್ರದಲ್ಲಿ ಇದಕ್ಕೂ ಒಂದು ಸಾಲು ಹಾಕಬಹುದು.

ಅರ್ಧ ತಾಸು ತಡವಾದರೂ ಸರಿ

ಹಾಗಾದರೆ ಜನರ ಕಿವಿಗೆ ಏನೂ ಇಲ್ಲವೇ? ಅಮೆರಿಕದಲ್ಲಿ ಪೊಲೀಸ್ ವೈರ್‌ಲೆಸ್ ಕೇಳುವುದು ಬಹುಕಾಲದ ರೂಢಿ. ಅಲ್ಲಿಯ ಪತ್ರಿಕೆಯವರು ಅದನ್ನೇ ಕೇಳಿ ಜಾಗಕ್ಕೆ ಓಡುತ್ತಿದ್ದರು. ನ್ಯೂಯಾರ್ಕಿನ ಪೊಲೀಸರು 2023ರಲ್ಲಿ ಬೀಗ ಹಾಕಲು ಸುರು ಮಾಡಿದಾಗ ದೊಡ್ಡ ಗದ್ದಲವೇ ಎದ್ದಿತು. ಶಿಕಾಗೊ ಮಾತ್ರ 2022ರಲ್ಲಿ ಒಂದು ನಡುದಾರಿ ಹಿಡಿಯಿತು: ನೇರ ಮಾತಿಗೆ ಬೀಗ, ಆದರೆ ಅರ್ಧ ತಾಸು ಕಳೆದ ಮೇಲೆ ಸಾರ್ವಜನಿಕರು ಕೇಳಬಹುದು. ಅಲ್ಲಿಯ ಪತ್ರಕರ್ತರಿಗೆ ಅದೂ ಸಮಾಧಾನ ತಂದಿಲ್ಲ. ತಡವಾದ ಸುದ್ದಿ ತಂಗಳು ಅಂತಾರೆ.

ನಮಗೆ ಅರ್ಧ ತಾಸಿನ ತಂಗಳಾದರೂ ಸಿಕ್ಕರೆ ಹಬ್ಬದೂಟ! ಪೊಲೀಸರು ಪತ್ರಿಕೆಯವರಿಗೆ ಯಾವಾಗ ಏನು ಹೇಳಬೇಕು, ಹೇಗೆ ಹೇಳಬೇಕು ಎಂಬುದಕ್ಕೆ ಕೈಪಿಡಿ ತಯಾರಿಸಿರೆಂದು 2023ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟೇ ಕೇಂದ್ರ ಗೃಹ ಇಲಾಖೆಗೆ ಹೇಳಿತು. ಕೈಪಿಡಿ ದಿಲ್ಲಿಯಲ್ಲಿರಲಿ. ಕೂಸು ಬಾವಿಗೆ ಬಿದ್ದಾಗ, ಬ್ಯಾಂಕು ಲೂಟಿಯಾದಾಗ, 2020ರ ಅಕ್ಟೋಬರಿನಲ್ಲಿ ಮತ್ತು 2025ರ ಸೆಪ್ಟೆಂಬರಿನಲ್ಲಿ ಭೀಮೆ ಉಕ್ಕಿದಂತೆ ಉಕ್ಕಿದಾಗ, ತಾಸಿಗೊಮ್ಮೆ ಒಬ್ಬ ಜವಾಬ್ದಾರ ಅಧಿಕಾರಿ ಎರಡು ಸಾಲು ಹೇಳಬೇಕು. ಠಾಣೆಯ ಮುಂದಿನ ಫಲಕದ ಮೇಲೆ ಬರೆಯಲಿ, ಪಂಚಾಯತಿ ಮೈಕಿನಲ್ಲಿ ಕೂಗಲಿ, ವಿಜಯಪುರ ಆಕಾಶವಾಣಿಯಲ್ಲಿ ಓದಿಸಲಿ. 'ಕೆಲಸ ನಡೆದಿದೆ, ಹೊಸದೇನೂ ಇಲ್ಲ' ಎಂಬುದೂ ಸುದ್ದಿಯೇ. ಅದನ್ನು ಹೇಳಲು ಖಾಕಿಗೆ ಖರ್ಚೇನು?

ಎಂಟೆನಾದ ಹುಚ್ಚು ನಿಜಕ್ಕೂ ತಲೆಗೇರಿದ ಹುಡುಗರಿಗೆ ರಾಜಮಾರ್ಗವೊಂದಿದೆ. ಹವ್ಯಾಸಿ ರೇಡಿಯೊ, ಜನ ಕರೆಯುವುದು ಹ್ಯಾಮ್ ಅಂತ. 12 ವರ್ಷ ತುಂಬಿದ ಯಾರೂ ಕೇಂದ್ರ ದೂರಸಂಪರ್ಕ ಇಲಾಖೆಯ ಪರೀಕ್ಷೆ ಬರೆಯಬಹುದು. ಒಂದಿಷ್ಟು ವಿದ್ಯುತ್ತು, ಒಂದಿಷ್ಟು ರೇಡಿಯೊ, ಒಂದಿಷ್ಟು ನಿಯಮ. ಕೆಳಗಿನ ದರ್ಜೆಗೆ ಮೋರ್ಸ್ ಕಟಕಟ ಬೇಕಿಲ್ಲ. ಪಿಯುಸಿ ಪಾಸಾಗಿರಬೇಕೆಂಬ ಹಟವೂ ಇಲ್ಲ, ಅದು ನನ್ನಂಥವರಿಗೆ ಸಮಾಧಾನ. ಪಾಸಾದರೆ ವಿಯು ಅಕ್ಷರಗಳಿಂದ ಸುರುವಾಗುವ ಸ್ವಂತ ಕರೆ ಹೆಸರು ಸಿಗುತ್ತದೆ, 144ರಿಂದ 146 ಮೆಗಾಹರ್ಟ್ಸ್ ತನಕದ ಅಲೆಯ ಮೇಲೆ ಕೇಳುವುದಷ್ಟೇ ಅಲ್ಲ, ಮಾತಾಡಲೂಬಹುದು. ಮೊಳದ ಕಡ್ಡಿ, ಮಾಳಿಗೆಯ ಎತ್ತರ ಎಲ್ಲ ಲೆಕ್ಕವೂ ಅಲ್ಲಿಗೆ ಹೊಂದುತ್ತದೆ. 2001ರಲ್ಲಿ ಕಛ್ ಭೂಕಂಪವಾದಾಗ, 2004ರಲ್ಲಿ ಅಂಡಮಾನಿಗೆ ಸುನಾಮಿ ಬಡಿದಾಗ ಟೆಲಿಫೋನು ಸತ್ತುಬಿದ್ದ ಜಾಗಗಳಿಂದ ಸುದ್ದಿ ಹೊರತಂದವರಲ್ಲಿ ಇಂಥ ಹವ್ಯಾಸಿಗಳಿದ್ದರು. ಬೆಂಗಳೂರಿನಲ್ಲಿ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಹ್ಯಾಮ್ಸ್ ಅಂತಲೇ ಒಂದು ಸಂಸ್ಥೆ ಇದೆ. ಭೀಮಾ ದಂಡೆಯ ಊರುಗಳಲ್ಲಿ ಇಂಥ ಲೈಸೆನ್ಸುದಾರರು ನಾಲ್ಕು ಮಂದಿ ಇದ್ದರೆ, ಮುಂದಿನ ಸಲ ಉಜನಿಯಿಂದ ನೀರು ಬಿಟ್ಟು ಕರೆಂಟು, ಟವರು ಎರಡೂ ಹೋದ ರಾತ್ರಿ, ಯಾವ ಓಣಿಗೆ ಎಷ್ಟು ನೀರು ಬಂತೆಂದು ತಹಶೀಲ್ದಾರರ ಕಚೇರಿಗೆ ಹೇಳುವ ದನಿ ಅವರದಾಗಬಹುದು.